ಡಾನ್ ಬೋಸ್ಕೋ ಸಂತರೂ ಕಸುಬು ಕಲಿಯುವ ಹುಡುಗರೂ

ಪ್ರತಿವರ್ಷ ಜನವರಿ 31ರಂದು ನಮ್ಮ ದೇವಾಲಯಗಳಲ್ಲಿ ಸಂತ ಜಾನ್ ಬೋಸ್ಕೋರವರ ಹಬ್ಬವನ್ನು ಆಚರಿಸುತ್ತೇವೆ. ಅಂದು ನಾವು ಹೂಮಾಲೆ ಹಾಕುವ ಚಿತ್ರಪಟದಲ್ಲಿ ಕಪ್ಪು ನಿಲುವಂಗಿ ತೊಟ್ಟ ನಗುಮೊಗದ ಗುರುಗಳಿರುತ್ತಾರೆ. ಅವರ ಸುತ್ತ ಮಕ್ಕಳಿರುತ್ತಾರೆ. ಒಬ್ಬ ಹುಡುಗನ ಹೆಗಲ ಮೇಲೆ ಅವರ ಕೈಯಿರುತ್ತದೆ. ಚಿತ್ರವೇನೋ ಸುಂದರವಾದುದೇ. ಆದರೆ ಆ ಕೈಯಲ್ಲಿ ಸರಕಾರದ ಮುದ್ರೆಯುಳ್ಳ ಒಂದು ಛಾಪಾಕಾಗದವನ್ನು ಬರೆದ ಚಿತ್ರಕಾರನು ಇದುವರೆಗೆ ನಮ್ಮ ಕಣ್ಣಿಗೆ ಬಿದ್ದಿಲ್ಲ. ಅಂಥ ಕಾಗದವೊಂದು ಇದ್ದಿತು. ಅದರ ಮೇಲೆ ಸಂತರು ಸಹಿ ಮಾಡಿದ್ದರು. ಅವರ ಪವಾಡಗಳನ್ನೂ ಕನಸುಗಳನ್ನೂ ಕುರಿತು ನಮ್ಮ ಹಿರಿಯರು ನಮಗೆ ಸಾಕಷ್ಟು ಹೇಳಿದ್ದಾರೆ. ಆ ಕಾಗದದ ಮಾತನ್ನು ಮಾತ್ರ ಯಾರೂ ಅಷ್ಟಾಗಿ ಎತ್ತಿಲ್ಲ. ಈ ಶತಮಾನೋತ್ಸವದ ಸಂಚಿಕೆಯಲ್ಲಿ ಅದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ನಾವು ಬಯಸಿದ್ದೇವೆ. ನಮ್ಮ ದೇವಾಲಯದ ಕಲ್ಲು ಕಟ್ಟಿದವರೂ ಬಾಗಿಲು ಕೆತ್ತಿದವರೂ ಒಂದಾನೊಂದು ಕಾಲದಲ್ಲಿ ಕಸುಬು ಕಲಿಯುವ ಹುಡುಗರೇ ಆಗಿದ್ದರಲ್ಲವೇ?

ಜಾನ್ ಬೋಸ್ಕೋರವರು ಇಟಲಿಯ ಉತ್ತರ ಭಾಗದ ಪೀಡ್‌ಮಾಂಟ್ ಸೀಮೆಯ ಬೆಕ್ಕಿ ಎಂಬ ಹಳ್ಳಿಯಲ್ಲಿ 1815ನೇ ಆಗಸ್ಟ್ 16ರಂದು ಬಡ ರೈತರ ಮನೆಯಲ್ಲಿ ಜನಿಸಿದರು. ಎರಡು ವರ್ಷ ತುಂಬುವುದರೊಳಗೆ ತಂದೆಯನ್ನು ಕಳೆದುಕೊಂಡರು. ಶಾಲೆಗೆ ಹೋಗುವ ಆಸೆಗಾಗಿ ಅವರು ಪಟ್ಟ ಪಾಡು ದೊಡ್ಡದು. ಹದಿಮೂರರ ವಯಸ್ಸಿನಲ್ಲಿ ಪರರ ಹೊಲದಲ್ಲಿ ಆಳಾಗಿ ದುಡಿದರು; ಕಾಸ್ತೆಲ್‌ನುವೋವೊ ಎಂಬ ಊರಿನಲ್ಲಿ ದರ್ಜಿಯೊಬ್ಬರ ಮನೆಯಲ್ಲಿ ತಂಗಿ ಬಟ್ಟೆ ಹೊಲಿಯಲು ಕಲಿತರು, ಅಲ್ಲಿಯೇ ಕಮ್ಮಾರನ ಕುಲುಮೆಯಲ್ಲಿಯೂ ಕೆಲಸ ಮಾಡಿದರು; ಕಿಯೇರಿ ಪಟ್ಟಣದಲ್ಲಿ ಓದುವಾಗ ಕಾಫಿ ಅಂಗಡಿಯಲ್ಲಿ ಚಾಕರಿ ಮಾಡುತ್ತ ಮಿಠಾಯಿ ತಯಾರಿಸುವ ವಿದ್ಯೆಯನ್ನೂ ಕೈವಶ ಮಾಡಿಕೊಂಡರು. 1841ನೇ ಜೂನ್ 5ರಂದು ಟ್ಯೂರಿನ್ ನಗರದಲ್ಲಿ ಗುರುದೀಕ್ಷೆ ಪಡೆದರು. ಆ ದೇಶದಲ್ಲಿ ಗುರುಗಳನ್ನು 'ಡಾನ್' ಎಂದು ಗೌರವದಿಂದ ಕರೆಯುವುದು ವಾಡಿಕೆಯಾದುದರಿಂದ ಅವರು ಡಾನ್ ಬೋಸ್ಕೋ ಆದರು. ಯಜಮಾನನ ಮುಂದೆ ನಿಂತ ಹುಡುಗನ ಹೊಟ್ಟೆಯೊಳಗಿನ ಭಯ ಅವರಿಗೆ ಪುಸ್ತಕದಿಂದ ತಿಳಿದುದಲ್ಲ.

ದೀಕ್ಷೆಯಾದ ವರ್ಷದಲ್ಲಿಯೇ, ಡಿಸೆಂಬರ್ 8ರಂದು, ಅಮಲೋದ್ಭವಿ ಮಾತೆಯ ಹಬ್ಬದ ದಿನ ನಡೆದ ಘಟನೆಯನ್ನು ಅವರೇ ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ಟ್ಯೂರಿನ್ನಿನ ಅಸ್ಸೀಸಿಯ ಸಂತ ಫ್ರಾನ್ಸಿಸರ ದೇವಾಲಯದಲ್ಲಿ ಪೂಜೆಗೆ ಸಿದ್ಧರಾಗುತ್ತಿದ್ದಾಗ ಒಬ್ಬ ಹುಡುಗ ಪೂಜಾವಸ್ತ್ರಗಳ ಕೋಣೆಯೊಳಗೆ ಬಂದು ನಿಂತನು. ಪೂಜೆಗೆ ಸಹಾಯ ಮಾಡಲು ಬಾರದೆಂದು ಹೇಳಿದ ತಪ್ಪಿಗೆ ದೇವಾಲಯದ ಸೇವಕನು ಅವನನ್ನು ಹೊಡೆದು ಅಟ್ಟಿದನು. ಡಾನ್ ಬೋಸ್ಕೋರವರು ಅವನನ್ನು ಹಿಂದಕ್ಕೆ ಕರೆಯಿಸಿ ಮಾತನಾಡಿಸಿದರು. ಅವನ ಹೆಸರು ಬಾರ್ತೊಲೊಮೆಯೊ ಗರೆಲ್ಲಿ, ಊರು ಆಸ್ತಿ, ವಯಸ್ಸು ಹದಿನಾರು, ಗಾರೆಕೆಲಸ ಕಲಿಯುತ್ತಿದ್ದ ಅನಾಥ. ಓದು ಬಾರದು, ಬರಹ ಬಾರದು. ಜ್ಞಾನೋಪದೇಶಕ್ಕೆ ಏಕೆ ಹೋಗುವುದಿಲ್ಲವೆಂದು ಕೇಳಿದಾಗ ಅವನು ಕೊಟ್ಟ ಉತ್ತರವು ನಮ್ಮ ಮನಸ್ಸಿನಲ್ಲಿ ಉಳಿಯುವಂಥದು. ತನಗಿಂತ ಚಿಕ್ಕವರಿಗೆ ಎಲ್ಲವೂ ಬರುತ್ತದೆ, ಇಷ್ಟು ದೊಡ್ಡವನಾದ ತನಗೆ ಏನೂ ಬಾರದು, ಅವರ ನಡುವೆ ಕುಳಿತುಕೊಳ್ಳಲು ನಾಚಿಕೆಯಾಗುತ್ತದೆ ಎಂದನಂತೆ.

ಹುಡುಗನು ದಡ್ಡನಾಗಿರಲಿಲ್ಲ, ಸೋಮಾರಿಯೂ ಆಗಿರಲಿಲ್ಲ. ದಿನವೆಲ್ಲ ಗಾರೆ ಹೊತ್ತು ಕಲ್ಲು ಜೋಡಿಸುವುದನ್ನು ಕಲಿಯುತ್ತಿದ್ದವನು. ಆದರೆ ಅವನ ಕಲಿಕೆ ಕೈಗೆ ಬಂದು ನಿಂತಿತ್ತು, ಮುಂದಕ್ಕೆ ಹೋಗಲು ದಾರಿಯಿರಲಿಲ್ಲ. ಶಾಲೆಯ ವಯಸ್ಸು ಮೀರಿತ್ತು, ಶಾಲೆಯ ಹೊತ್ತಿನಲ್ಲಿ ಅವನು ಸಾರುವೆಯ ಮೇಲಿರುತ್ತಿದ್ದನು. ಟ್ಯೂರಿನ್ ಆಗ ಬೆಳೆಯುತ್ತಿದ್ದ ನಗರ. ಬಿಯೆಲ್ಲಾ ಮುಂತಾದ ಬೆಟ್ಟದ ಸೀಮೆಗಳಿಂದ ಗಾರೆಕೆಲಸಕ್ಕೆಂದು ಹುಡುಗರು ಹಿಂಡುಹಿಂಡಾಗಿ ಬರುತ್ತಿದ್ದರು. ಸಾಲದೆಂಬಂತೆ 1844ರಲ್ಲಿ ಅರಸ ಕಾರ್ಲೊ ಅಲ್ಬೆರ್ತೊ ತನ್ನ ರಾಜ್ಯದಲ್ಲಿನ ಹಳೆಯ ವೃತ್ತಿಸಂಘಗಳನ್ನು ರದ್ದುಗೊಳಿಸಿದನು. ನಮ್ಮ ಶಾಸನಗಳಲ್ಲಿ ಕಾಣುವ ಶ್ರೇಣಿಗಳಂತೆ ಆ ಸಂಘಗಳೂ ಒಂದೊಂದು ಕಸುಬಿಗೆ ಒಂದೊಂದಾಗಿದ್ದವು. ಯಾರು ಕಲಿಸಬೇಕು, ಎಷ್ಟು ವರ್ಷ ಕಲಿಯಬೇಕು, ಯಾವಾಗ ಹುಡುಗನು ತಾನೇ ಕೆಲಸಗಾರನೆನಿಸಿಕೊಳ್ಳಬೇಕು ಎಂಬುದನ್ನೆಲ್ಲ ಅವು ಕಟ್ಟುಮಾಡಿದ್ದವು. ಅವುಗಳಲ್ಲಿ ಸ್ವಾರ್ಥವೂ ಬಿಗಿಯೂ ಇದ್ದುದು ನಿಜ. ಆದರೆ ಅವು ಹೋದ ಮೇಲೆ ಯಜಮಾನನಿಗೂ ಹುಡುಗನಿಗೂ ನಡುವೆ ನಿಲ್ಲುವವರು ಯಾರೂ ಉಳಿಯಲಿಲ್ಲ. ನೀರು ತರುವುದು, ಯಜಮಾನನ ಮಗುವನ್ನು ಎತ್ತಿಕೊಂಡಿರುವುದು, ಭಾರ ಹೊರುವುದು, ಬೈಗುಳ ತಿನ್ನುವುದು, ಇವುಗಳಲ್ಲಿಯೇ ಹುಡುಗನ ವರ್ಷಗಳು ಕಳೆಯಬಹುದಾಗಿತ್ತು. ಅವನಿಗೆ ಕಸುಬು ಬಂದಿತೇ ಇಲ್ಲವೇ ಎಂದು ಕೇಳುವವರಿರಲಿಲ್ಲ.

ಡಾನ್ ಬೋಸ್ಕೋರವರು ಮೊದಲು ಮಾಡಿದ್ದು ಭಾನುವಾರದ ಶಾಲೆ. ಗರೆಲ್ಲಿಯಂಥವರು ಒಬ್ಬರಿಂದ ಹತ್ತಾದರು, ಹತ್ತರಿಂದ ನೂರಾದರು. ಅಲ್ಲಿಂದಿಲ್ಲಿಗೆ ಅಲೆದು ಕಡೆಗೆ 1846ರ ಈಸ್ಟರ್ ಹಬ್ಬದಂದು ವಲ್ದೊಕ್ಕೊ ಎಂಬಲ್ಲಿ ಪಿನಾರ್ದಿ ಎಂಬುವರ ತಗ್ಗು ಮಾಡಿನ ಕೊಟ್ಟಿಗೆಯೊಂದು ಅವರಿಗೆ ನೆಲೆಯಾಯಿತು. ಆದರೆ ಭಾನುವಾರ ಕಲಿತ ಅಕ್ಷರವನ್ನು ಹುಡುಗರು ಶನಿವಾರದೊಳಗೆ ಮರೆತುಬಿಡುತ್ತಿದ್ದರು. ಆರು ದಿನ ಸುತ್ತಿಗೆ ಹಿಡಿದ ಕೈಗೆ ಏಳನೆಯ ದಿನ ಲೇಖನಿ ಹೊಸದಾಗಿಯೇ ತೋರುತ್ತಿತ್ತು. ಆದುದರಿಂದ ಪಾಠವನ್ನು ಚಿಕ್ಕದು ಮಾಡಿ, ಒಂದು ಭಾನುವಾರಕ್ಕೆ ಒಂದೇ ವಿಷಯವೆಂದು ಹಿಡಿದು, ಅದನ್ನೇ ವಾರವೆಲ್ಲ ಮನನ ಮಾಡಲು ಕೊಟ್ಟರು. ಅದೂ ಸಾಲದಾಗಿ ರಾತ್ರಿಶಾಲೆಯನ್ನು ತೆರೆದರು. ಕೆಲಸ ಬಿಟ್ಟು ಬಂದ ಹುಡುಗರಿಂದ ಅಡಿಗೆಮನೆ, ಗುರುಗಳ ಕೋಣೆ, ಪೂಜಾವಸ್ತ್ರಗಳ ಕೋಣೆ, ಪೀಠದ ಹಿಂಭಾಗ, ಎಲ್ಲವೂ ತುಂಬಿಹೋಗುತ್ತಿತ್ತು. ಕಲಿಸಲು ಜನವಿರಲಿಲ್ಲ, ಸ್ವಲ್ಪ ಮುಂದುವರಿದ ಹುಡುಗರನ್ನೇ ಆರಿಸಿ, ಅವರಿಗೆ ತಾವು ಪಾಠ ಹೇಳಿ, ಅವರಿಂದ ಉಳಿದವರಿಗೆ ಹೇಳಿಸಿದರು. ಓದು, ಬರಹ, ಲೆಕ್ಕ, ಚಿತ್ರರೇಖನ, ಸಂಗೀತ ಇವು ಅಲ್ಲಿನ ವಿಷಯಗಳು.

ಲೆಕ್ಕದ ವಿಚಾರವಾಗಿ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಪೀಡ್‌ಮಾಂಟಿನಲ್ಲಿ ಅದುವರೆಗೆ ಗಾರೆಯವರು ಟ್ರಬುಕ್ಕೊ ಎಂಬ ಅಳತೆಯಿಂದ ಗೋಡೆ ಅಳೆಯುತ್ತಿದ್ದರು, ಬಟ್ಟೆಯವರು ರಾಸೊ ಎಂಬುದರಿಂದ, ತೂಕದವರು ರುಬ್ಬೊ ಎಂಬುದರಿಂದ. 1845ರಲ್ಲಿ ಸರಕಾರವು ಇವೆಲ್ಲವನ್ನೂ ನಿಲ್ಲಿಸಿ 1850ನೇ ಜನವರಿ 1ರಿಂದ ಮೀಟರು, ಲೀಟರು, ಕಿಲೋಗ್ರಾಮುಗಳನ್ನೇ ಬಳಸತಕ್ಕದ್ದೆಂದು ಆಜ್ಞೆ ಹೊರಡಿಸಿತು. ಇದರ ಬಿಸಿ ಯಾರಿಗೆ ತಟ್ಟುತ್ತದೆ? ಅಂಗಡಿಯ ಸಾಹುಕಾರನು ಗುಮಾಸ್ತನನ್ನು ಇಟ್ಟುಕೊಳ್ಳುತ್ತಾನೆ. ಐದಾರು ವರ್ಷ ಕಷ್ಟಪಟ್ಟು ಹಳೆಯ ಅಳತೆಯಲ್ಲಿ ಕಣ್ಣು ಪಳಗಿಸಿಕೊಂಡ ಹುಡುಗನಿಗೆ ಮಾತ್ರ ಒಂದು ಬೆಳಗ್ಗೆ ತಾನು ಕಲಿತ ವಿದ್ಯೆಯ ಅರ್ಧಭಾಗ ಕೈಯಿಂದ ಜಾರಿರುತ್ತದೆ. ನಮ್ಮ ಓದುಗರಲ್ಲಿ ವಯಸ್ಸಾದವರಿಗೆ ಇದು ಬಲ್ಲ ಸಂಗತಿಯೇ. ನಮ್ಮ ದೇಶದಲ್ಲಿ 1957ನೇ ಏಪ್ರಿಲ್ 1ರಂದು ಆಣೆ ಕಾಸುಗಳು ಹೋಗಿ ನಯಾಪೈಸೆ ಬಂದಾಗ, ಬಳಿಕ ಸೇರು, ಮಣಗಳು ಹೋಗಿ ಕಿಲೋ ಬಂದಾಗ ಸಂತೆಯಲ್ಲಿ ನಡೆದ ಜಗಳಗಳನ್ನು ಅವರು ಮರೆತಿರಲಾರರು. ಡಾನ್ ಬೋಸ್ಕೋರವರು ಆಜ್ಞೆ ಜಾರಿಗೆ ಬರುವವರೆಗೆ ಕಾಯಲಿಲ್ಲ. ದಶಮಾನ ಪದ್ಧತಿಯನ್ನು ಸರಳವಾಗಿ ತಿಳಿಸುವ ಪುಸ್ತಕವೊಂದನ್ನು ತಾವೇ ಬರೆದು 1849ರಲ್ಲಿ ಅಚ್ಚುಹಾಕಿಸಿದರು. ರಾತ್ರಿಶಾಲೆಯಲ್ಲಿ ಅದನ್ನು ಕಲಿಸಿದರು. ಅಷ್ಟಕ್ಕೆ ನಿಲ್ಲದೆ ಹಳೆಯ ಅಳತೆ ಹೊಸ ಅಳತೆಗಳನ್ನು ಕುರಿತು ಸಂಭಾಷಣೆಗಳನ್ನು ಬರೆದು ಹುಡುಗರಿಂದ ರಂಗದ ಮೇಲೆ ಆಡಿಸಿದರು. ಮೀಟರು ಲೀಟರುಗಳ ಮೇಲೆ ನಾಟಕವಾಡಿಸಿದ ಸಂತರು ಬೇರೆ ಯಾರಾದರೂ ಇದ್ದರೆ ನಾವು ಕೇಳಿಲ್ಲ.

ಇನ್ನು ಆ ಛಾಪಾಕಾಗದದ ವಿಷಯ. 1851ರ ನವೆಂಬರಿನಲ್ಲಿ ಗಾಜಿನ ಕೆಲಸದ ಯಜಮಾನರೊಬ್ಬರಿಗೂ ವಲ್ದೊಕ್ಕೊದ ಹುಡುಗನೊಬ್ಬನಿಗೂ ಆದ ಒಂದು ಕರಾರು ಉಳಿದುಬಂದಿದೆ. 1852ನೇ ಫೆಬ್ರವರಿ 8ರಂದು ಆದ ಇನ್ನೊಂದು ಕರಾರು ಹೆಚ್ಚು ಪ್ರಸಿದ್ಧವಾದುದು. ಅದರಲ್ಲಿ ಒಂದು ಕಡೆ ಟ್ಯೂರಿನ್ನಿನ ಬಡಗಿ ಜುಸೆಪ್ಪೆ ಬೆರ್ತೊಲಿನೊ. ಇನ್ನೊಂದು ಕಡೆ ಮೊಂದೊವಿಯ ಹುಡುಗ ಜುಸೆಪ್ಪೆ ಒದಾಸ್ಸೊ. ಹುಡುಗನಿಗೆ ಜಾಮೀನಾಗಿ ಅವನ ತಂದೆ; ಇಬ್ಬರ ನಡುವೆ ಡಾನ್ ಬೋಸ್ಕೋ. ಅದರಲ್ಲಿನ ಷರತ್ತುಗಳು ಹೀಗಿವೆ: ಯಜಮಾನನು ಎರಡು ವರ್ಷಗಳಲ್ಲಿ ಹುಡುಗನಿಗೆ ಬಡಗಿಯ ಕಸುಬನ್ನು ಅದರ ಒಳ್ಳೆಯ ನಿಯಮಗಳೊಡನೆ ಕಲಿಸತಕ್ಕದ್ದು. ತಪ್ಪು ಮಾಡಿದರೆ ಬಾಯಿಮಾತಿನಿಂದ ಮಾತ್ರ ತಿದ್ದಬಹುದು, ಬೇರೆ ಯಾವ ರೀತಿಯಿಂದಲೂ ಕೂಡದು. ಕಸುಬಿಗೆ ಸಂಬಂಧಿಸಿದ ಕೆಲಸವನ್ನೇ ಹೇಳಬೇಕು, ಹೊರಗಿನ ಚಾಕರಿಯನ್ನು ಹೇಳಕೂಡದು, ಅವನ ಶಕ್ತಿಗೆ ಮೀರಿದುದನ್ನು ಹೇರಕೂಡದು. ಹಬ್ಬದ ದಿನಗಳನ್ನು ಪೂರ್ತಿಯಾಗಿ ಬಿಡಬೇಕು. ಅಂದು ಅವನು ದೇವಾಲಯಕ್ಕೂ ಭಾನುವಾರದ ಶಾಲೆಗೂ ಹೋಗತಕ್ಕವನು. ಮೂವತ್ತು ಸೆಂಟೆಸಿಮೊಗಳಿಂದ ಆರಂಭಿಸಿ ಕೆಲಸ ಕೈಹಿಡಿದಂತೆಲ್ಲ ಏರಿಸುತ್ತ ದಿನಗೂಲಿ ಕೊಡಬೇಕು. ತಿಂಗಳ ಕೊನೆಯಲ್ಲಿ ಹುಡುಗನ ನಡತೆಯನ್ನು ಕುರಿತು ಒಂದು ಹಾಳೆಯ ಮೇಲೆ ಮುಚ್ಚುಮರೆಯಿಲ್ಲದೆ ಬರೆದುಕೊಡಬೇಕು. ಹುಡುಗನ ಕಡೆಯಿಂದಲೂ ಮಾತುಗಳಿವೆ: ಅವನು ವಿಧೇಯನಾಗಿ, ಚುರುಕಾಗಿ, ಗಮನವಿಟ್ಟು ಕೆಲಸ ಮಾಡಬೇಕು, ನಷ್ಟವಾದರೆ ತಂದೆ ತುಂಬಿಕೊಡಬೇಕು, ಕಾಯಿಲೆಯಿಂದಲೋ ಮತ್ತಾವ ಕಾರಣದಿಂದಲೋ ವರ್ಷಕ್ಕೆ ಹದಿನೈದು ದಿನಗಳಿಗಿಂತ ಹೆಚ್ಚು ತಪ್ಪಿಸಿಕೊಂಡರೆ ಅಷ್ಟು ದಿನಗಳನ್ನು ಕೊನೆಯಲ್ಲಿ ದುಡಿದು ತೀರಿಸಬೇಕು.

ಇಂಥ ಕರಾರುಗಳನ್ನು ಡಾನ್ ಬೋಸ್ಕೋರವರೇ ಮೊದಲು ಕಂಡುಹಿಡಿದರೆಂದು ಭಕ್ತಿಯ ಭರದಲ್ಲಿ ಹೇಳುವವರಿದ್ದಾರೆ. ಅದು ಸರಿಯಲ್ಲ. ಯೂರೋಪಿನಲ್ಲಿ ಕಸುಬು ಕಲಿಯುವವರ ಕರಾರು ಶತಮಾನಗಳ ಹಿಂದಿನಿಂದ ನಡೆದುಬಂದುದು. ನಮ್ಮ ದೇಶದಲ್ಲಿಯೂ ಕಂಪೆನಿ ಸರಕಾರವು 1850ರಲ್ಲಿ, ಎಂದರೆ ಒದಾಸ್ಸೊವಿನ ಕರಾರಿಗೆ ಎರಡು ವರ್ಷ ಮುಂಚೆ, ಅನಾಥ ಮತ್ತು ಬಡ ಮಕ್ಕಳನ್ನು ಕಸುಬಿಗೆ ಒಪ್ಪಿಸುವ ಬಗ್ಗೆ ಒಂದು ಕಾಯಿದೆಯನ್ನು ಮಾಡಿತ್ತು. ಹತ್ತರಿಂದ ಹದಿನೆಂಟು ವರ್ಷದೊಳಗಿನವರನ್ನು ಏಳು ವರ್ಷಗಳವರೆಗೆ ಯಜಮಾನನಿಗೆ ಕಟ್ಟಿಹಾಕಬಹುದೆಂದು ಅದರಲ್ಲಿದ್ದಿತು. ಟ್ಯೂರಿನ್ನಿನ ಕಾಗದದ ವಿಶೇಷವಿರುವುದು ಬೇರೆ ಕಡೆ. ಹುಡುಗನ ಹೊತ್ತೆಲ್ಲವೂ ಯಜಮಾನನದಲ್ಲ, ಅದರಲ್ಲಿ ಒಂದು ಪಾಲು ಅವನ ಮುಂದಿನ ಕಲಿಕೆಗೆ ಸೇರಿದ್ದು ಎಂಬುದನ್ನು ಅದು ಛಾಪಾಕಾಗದದ ಮೇಲೆ ಬರೆಯಿಸಿಬಿಟ್ಟಿತು. ಅದುವರೆಗೆ ಯಜಮಾನನ ಔದಾರ್ಯವಾಗಿದ್ದುದು ಅಂದಿನಿಂದ ಋಣವಾಯಿತು. ಡಾನ್ ಬೋಸ್ಕೋರವರು ಸಹಿ ಮಾಡಿ ಸುಮ್ಮನಿರದೆ ಅಂಗಡಿಗಳಿಗೆ ಹೋಗಿ ವಿಚಾರಿಸಿಕೊಂಡು ಬರುತ್ತಿದ್ದರು. ಇದರೊಡನೆ 1850ರಲ್ಲಿ ಹುಡುಗರದೇ ಆದ ಒಂದು ಪರಸ್ಪರ ಸಹಾಯ ಸಂಘವನ್ನೂ ಏರ್ಪಡಿಸಿದ್ದರು. ಭಾನುವಾರಕ್ಕೆ ಒಂದು ಸೊಲ್ದೊ, ಎಂದರೆ ಐದು ಸೆಂಟೆಸಿಮೊ, ಕಟ್ಟಿದವನಿಗೆ ಕಾಯಿಲೆ ಬಿದ್ದಾಗ ಗುಣವಾಗುವವರೆಗೆ ದಿನಕ್ಕೆ ಐವತ್ತು ಸೆಂಟೆಸಿಮೊ ದೊರೆಯುತ್ತಿತ್ತು.

ಆದರೂ ಪರರ ಅಂಗಡಿಗಳಲ್ಲಿ ಹುಡುಗರ ಬಾಯಿ ಕೆಡುತ್ತಿತ್ತು, ಮನಸ್ಸು ಕೆಡುತ್ತಿತ್ತು. ಕರಾರು ಬಾಗಿಲವರೆಗೆ ಮಾತ್ರ ಕಾಯಬಲ್ಲುದಾಗಿತ್ತು. ಆದುದರಿಂದ 1853ರಲ್ಲಿ ಪಾದರಕ್ಷೆ ಹೊಲಿಯುವವರಿಗೂ ದರ್ಜಿಗಳಿಗೂ ವಲ್ದೊಕ್ಕೊದಲ್ಲಿಯೇ ಕಾರ್ಯಾಗಾರಗಳು ಆರಂಭವಾದವು. 1854ರಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ, 1856ರಲ್ಲಿ ಬಡಗಿಗಳ ಕೆಲಸ, 1861ರ ಕೊನೆಯಲ್ಲಿ ಅಪ್ಪಣೆ ದೊರೆತು ಮುದ್ರಣಾಲಯ, 1862ರಲ್ಲಿ ಕಮ್ಮಾರಸಾಲೆ ಹೀಗೆ ಒಂದರ ಹಿಂದೊಂದು ಬಂದವು. ಇವು ಮೊದಲಿನಿಂದಲೇ ಸುಗಮವಾಗಿ ನಡೆದವೆಂದು ತಿಳಿಯಬಾರದು. ಸಂಬಳ ಕೊಟ್ಟು ಹೊರಗಿನ ಮೇಸ್ತ್ರಿಗಳನ್ನು ಇಟ್ಟರೆ ಅವರು ಹುಡುಗರ ಕಲಿಕೆಯನ್ನು ಕಡೆಗಣಿಸಿದರು. ಕಾರ್ಯಾಗಾರವನ್ನು ಅವರಿಗೇ ಲಾಭಕ್ಕೆ ಬಿಟ್ಟರೆ ಹುಡುಗರನ್ನು ಕೂಲಿಯಾಳುಗಳಂತೆ ದುಡಿಸಿಕೊಂಡರು. ಯಾವ ಕೆಡುಕಿಗೆ ಹೆದರಿ ಹುಡುಗರನ್ನು ಪೇಟೆಯಿಂದ ಕರೆತಂದಿದ್ದರೋ ಅದೇ ಕೆಡುಕು ಸಂತರ ಮನೆಯೊಳಗೇ ಬಂದು ಕುಳಿತಿತ್ತು. ಅವರು ನಿಯಮಗಳನ್ನು ಮತ್ತೆ ಮತ್ತೆ ತಿದ್ದಬೇಕಾಯಿತು. ಕಲಿಸುವುದನ್ನೇ ಜೀವನವ್ರತವಾಗಿ ಸ್ವೀಕರಿಸಿದ ಸಲೇಷಿಯನ್ ಸಹೋದರರು ಮೇಸ್ತ್ರಿಗಳಾಗಿ ನಿಂತ ಮೇಲೆ ಈ ತೊಡಕು ಬಹುಮಟ್ಟಿಗೆ ಬಿಡಿಸಿತು.

1884ರಲ್ಲಿ ಟ್ಯೂರಿನ್ನಿನಲ್ಲಿ ರಾಷ್ಟ್ರೀಯ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಡಾನ್ ಬೋಸ್ಕೋರವರಿಗೆ ಒಂದು ಅಂಕಣವೇ ಮೀಸಲಾಗಿತ್ತು. ಚಿಂದಿಬಟ್ಟೆಯಿಂದ ಕಾಗದವಾಗುವುದು, ಮೊಳೆ ಜೋಡಿಸುವುದು, ಅಚ್ಚಾಗುವುದು, ಹೊಲಿದು ರಟ್ಟು ಕಟ್ಟುವುದು, ಎಲ್ಲವನ್ನೂ ಜನರ ಕಣ್ಣೆದುರಿನಲ್ಲಿ ಹುಡುಗರೇ ಮಾಡಿ ತೋರಿಸಿದರು. ಗರೆಲ್ಲಿಯು ನಾಚಿಕೆಯಿಂದ ತಲೆತಗ್ಗಿಸಿ ನಿಂತ ದಿನದಿಂದ ನಲವತ್ತಮೂರು ವರ್ಷಗಳಾಗಿದ್ದವು. 1886ರಲ್ಲಿ ಕೂಡಿದ ಸಲೇಷಿಯನ್ ಸಭೆಯ ಮಹಾಸಮಿತಿಯು ಕಸುಬು ಕಲಿಯುವ ಹುಡುಗರ ಶಿಕ್ಷಣಕ್ಕೆ ಮೂರು ಮುಖಗಳಿರಬೇಕೆಂದು ಗೊತ್ತುಮಾಡಿತು: ಧರ್ಮ ಮತ್ತು ನೀತಿಯದು ಒಂದು, ಬುದ್ಧಿಯದು ಒಂದು, ಕಸುಬಿನದು ಒಂದು. ಉಳಿ ಹಿಡಿಯುವವನಿಗೆ ಬುದ್ಧಿಯ ಶಿಕ್ಷಣವೇತಕ್ಕೆ ಎಂದು ಕೇಳುವವರು ಆ ಕಾಲದಲ್ಲಿ ಬಹಳ ಮಂದಿಯಿದ್ದರು, ಈಗಲೂ ಇಲ್ಲದಿಲ್ಲ. ಎರಡು ವರ್ಷಗಳ ನಂತರ, 1888ನೇ ಜನವರಿ 31ರಂದು, ಡಾನ್ ಬೋಸ್ಕೋರವರು ದೈವಾಧೀನರಾದರು. 1934ರ ಈಸ್ಟರ್ ಹಬ್ಬದಂದು ಸಂತಪದವಿಗೆ ಏರಿಸಲ್ಪಟ್ಟರು. 1958ರಲ್ಲಿ ಹನ್ನೆರಡನೆಯ ಪಯಸ್ ಪೋಪರು ಅವರನ್ನು ಇಟಲಿಯ ಕಸುಬು ಕಲಿಯುವ ಹುಡುಗರ ಪಾಲಕ ಸಂತರೆಂದು ಸಾರಿದರು.

ಇದೇ ಕಾಲದಲ್ಲಿ ಜರ್ಮನಿಯಲ್ಲಿ ಇನ್ನೊಬ್ಬ ಗುರುಗಳು ಹೆಚ್ಚುಕಡಿಮೆ ಇದೇ ಕೆಲಸಕ್ಕೆ ಕೈಹಾಕಿದ್ದರು. ಪುಣ್ಯವಂತರಾದ ಅಡಾಲ್ಫ್ ಕೋಲ್ಪಿಂಗ್‌ರವರು ಇಪ್ಪತ್ತಮೂರರ ವಯಸ್ಸಿನವರೆಗೆ ಪಾದರಕ್ಷೆ ಹೊಲಿಯುವವರಾಗಿದ್ದು, ಆ ಬಳಿಕ ಮಕ್ಕಳ ಜೊತೆ ಶಾಲೆಯ ಬೆಂಚಿನ ಮೇಲೆ ಕುಳಿತು ಓದಿ, 1845ರಲ್ಲಿ ಗುರುಗಳಾದರು. ಕಲಿಕೆಯ ಅವಧಿ ಮುಗಿಸಿ ಊರಿಂದೂರಿಗೆ ಕೆಲಸ ಹುಡುಕುತ್ತ ಹೋಗುವ ತರುಣರ ಕಡೆ ಅವರ ಗಮನ ಹರಿಯಿತು. 1849ರಲ್ಲಿ ಕೊಲೋನ್ ನಗರದಲ್ಲಿ ಏಳು ಮಂದಿಯೊಡನೆ ಅವರು ಆರಂಭಿಸಿದ ಸಂಘದಲ್ಲಿ ತಂಗಲು ಜಾಗವಿತ್ತು, ಸಂಜೆಯ ಪಾಠಗಳಿದ್ದವು. ಕಸುಬು ಕೈಗೆ ಬಂದವನಿಗೂ ಕಲಿಯುವುದು ಉಳಿದಿರುತ್ತದೆಂಬುದನ್ನು ತಮ್ಮ ಬಾಳಿನಿಂದಲೇ ಬಲ್ಲವರು ಅವರು. ನಮ್ಮ ನಾಡಿನ ಮಾತಿಗೆ ಬಂದರೆ, ಮಂಗಳೂರಿನ ಜೆಪ್ಪುವಿನಲ್ಲಿ ಯೇಸುಸಭೆಯ ಇಟಲಿಯ ಗುರುಗಳು ಬೆಳೆಸಿದ ಸಂತ ಜೋಸೆಫರ ಅನಾಥಾಲಯದ ಕಾರ್ಯಾಗಾರಗಳನ್ನು ಕರಾವಳಿಯ ಹಿರಿಯರು ಬಲ್ಲರು. ಅಲ್ಲಿ ಕಡೆದ ಪ್ರತಿಮೆಗಳ ಮುಂದೆ ಮೊಣಕಾಲೂರಿದವರು ನಮ್ಮಲ್ಲಿ ಹಲವರಿದ್ದಾರೆ. ಸಲೇಷಿಯನ್ನರು 1906ರಲ್ಲಿ ತಂಜಾವೂರಿಗೆ ಬಂದು ಭಾರತದಲ್ಲಿ ಕಾಲೂರಿದರು. ಕಸುಬಿನ ಶಾಲೆಯು ಅವರು ಹೋದಲ್ಲೆಲ್ಲ ಅವರೊಡನೆ ಹೋಯಿತು.

ಇಷ್ಟನ್ನು ಹೇಳಿದ ಮೇಲೆ ಮನಸ್ಸಿನಲ್ಲಿರುವ ಇನ್ನೊಂದು ಮಾತನ್ನು ಬಚ್ಚಿಡುವುದು ನಮಗೆ ಸರಿತೋರುವುದಿಲ್ಲ. ವಲ್ದೊಕ್ಕೊದ ರಾತ್ರಿಶಾಲೆಗೆ ಬಂದ ಹುಡುಗರು ಮುಂಜಾನೆಯಿಂದ ಕತ್ತಲಾಗುವವರೆಗೆ ದುಡಿದು ಬಂದವರು. ಅವರ ವಿದ್ಯೆಯು ಯಜಮಾನನ ಹೊತ್ತಿನಿಂದ ಬಂದುದಲ್ಲ, ಅವರದೇ ನಿದ್ರೆಯಿಂದ ಬಂದುದು. ಸಂತರ ಕರಾರು ಭಾನುವಾರವನ್ನು ಗೆದ್ದುಕೊಟ್ಟಿತು. ಸೋಮವಾರದಿಂದ ಶನಿವಾರದವರೆಗಿನ ಹಗಲನ್ನು ಮುಟ್ಟಲು ಅಂದಿನ ಕಾಲದಲ್ಲಿ ಅದರಿಂದಾಗಲಿಲ್ಲ. ಅದು ಬರೆಹಕ್ಕೆ ಬರಲು ಬಹಳ ಕಾಲ ಹಿಡಿಯಿತು. ನಮ್ಮ ಸಂಸತ್ತು 1961ರಲ್ಲಿ ಮಾಡಿದ ಅಪ್ರೆಂಟಿಸ್ ಕಾಯಿದೆಯಲ್ಲಿ ಕರಾರುಪತ್ರವಿದೆ, ಅದರ ನೋಂದಣಿಯಿದೆ. ಅದರ ಹತ್ತನೆಯ ಕಲಮು ಮಾತ್ರ ಬೆರ್ತೊಲಿನೊರವರ ಕಾಗದಕ್ಕಿಂತ ಒಂದು ಹೆಜ್ಜೆ ಮುಂದಕ್ಕೆ ಹೋಗಿದೆ. ಕಸುಬಿಗೆ ಬೇಕಾದ ಶಾಸ್ತ್ರಪಾಠವನ್ನು ಹುಡುಗನಿಗೆ ಹೇಳಿಸಬೇಕು, ಆ ಪಾಠದಲ್ಲಿ ಕಳೆದ ಹೊತ್ತನ್ನು ಭತ್ಯವುಳ್ಳ ಕೆಲಸದ ಹೊತ್ತೆಂದೇ ಎಣಿಸಬೇಕು ಎಂದು ಅದು ವಿಧಿಸುತ್ತದೆ.

ಆದರೆ ಈ ಕಾಯಿದೆಯು ಯಾವ ಬಾಗಿಲವರೆಗೆ ಹೋಗುತ್ತದೆಂಬುದನ್ನೂ ನೋಡಬೇಕು. 2019ರಲ್ಲಿ ತಿದ್ದಿದ ನಿಯಮಗಳ ಪ್ರಕಾರ ಮೂವತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. ನಾಲ್ಕರಿಂದ ಇಪ್ಪತ್ತೊಂಬತ್ತರವರೆಗೆ ಇದ್ದರೆ ಅವರ ಇಷ್ಟ. ನಾಲ್ಕಕ್ಕಿಂತ ಕಡಿಮೆಯಿದ್ದರೆ ಕಾಯಿದೆ ಅತ್ತ ನೋಡುವುದಿಲ್ಲ. ನಮ್ಮ ದೇವಾಲಯದಿಂದ ಪೇಟೆಯ ಕಡೆಗೆ ನಡೆದರೆ ಸಿಗುವ ಬಡಗಿಯ ಅಂಗಡಿ, ವೆಲ್ಡಿಂಗ್ ಶಾಪು, ಸ್ಕೂಟರ್ ರಿಪೇರಿಯ ಗ್ಯಾರೇಜು, ಇವೆಲ್ಲವೂ ಒಬ್ಬ ಯಜಮಾನ ಮತ್ತು ಒಬ್ಬಿಬ್ಬರು ಹುಡುಗರು ಇರುವ ಜಾಗಗಳು. ಯಜಮಾನರು ಕೆಟ್ಟವರಲ್ಲ; ತಾವೂ ಹಾಗೆಯೇ ಕಲಿತು ಮೇಲೆ ಬಂದವರು. ಹುಡುಗನ ಹೆಸರಿನಲ್ಲಿ ಅಲ್ಲಿ ಯಾವ ಕಾಗದವೂ ಇಲ್ಲ. ನಾಲ್ಕು ವರ್ಷ ಎಣ್ಣೆಮೈಯಾಗಿ ಕಾರ್ಬ್ಯುರೇಟರು ಬಿಚ್ಚಿ ಕಟ್ಟುವುದನ್ನು ಕಲಿತ ಅವನ ಮುಂದೆ ಈಗ ಕಾರ್ಬ್ಯುರೇಟರೇ ಇಲ್ಲದ, ಬ್ಯಾಟರಿಯಿಂದ ಓಡುವ ಸ್ಕೂಟರು ಬಂದು ನಿಂತಿದೆ. ಭಾನುವಾರ ಪೂಜೆ ಮುಗಿಸಿಕೊಂಡು ನಾವು ಮನೆಗೆ ಹೋಗುವಾಗಲೂ ಆ ಗ್ಯಾರೇಜಿನ ಬಾಗಿಲು ತೆರೆದಿರುತ್ತದೆ, ಹುಡುಗನು ಒಳಗೆ ಕುಕ್ಕರುಗಾಲಿನಲ್ಲಿ ಕುಳಿತಿರುತ್ತಾನೆ.